ಇಲ್ಯಾ ಮೆಚ್ನಿಕೋಫ್: ದೇಹದ ಕಾವಲುಗಾರರನ್ನು ಕಂಡುಹಿಡಿದ ಮಹನೀಯ

ಮುಂಜಾನೆ ಹಾಸಿಗೆಯಿಂದೇಳುವಾಗ ಕೈಬೆರಳುಗಳು ಮಡಿಸಲಾರದಂತೆ ಬಿಗಿದಿರುವುದು, ಗೆಣ್ಣುಗಳು ಬಾತು ಬಿಸಿಯಾಗಿರುವುದು, ಹೊತ್ತೇರಿದ ಮೇಲೆ ಸ್ವಲ್ಪ ಸಡಿಲವಾಗುವುದು, ಮರುದಿನ ಮತ್ತೆ ಅದೇ ಪಾಡು. ರುಮಟಾಯ್ಡ್ ಸಂಧಿವಾತವೆಂಬ ವ್ಯಾಧಿಯ ಸ್ವರೂಪವಿದು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಬೆಳಗಿನ ಮೊದಲ ಪಾಠದಲ್ಲಿ ಸೀಮೆಸುಣ್ಣವನ್ನು ಹಿಡಿಯಲಾರದೆ, ಮುಂದಿನ ಸಾಲಿನ ಹುಡುಗನೊಬ್ಬನಿಂದ ಕರಿಹಲಗೆಯ ಮೇಲೆ ಬರೆಯಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ವಯಸ್ಸಾಯಿತು, ಕೀಲು ಸವೆಯಿತು ಎಂದು ನಾವೆಲ್ಲ ತಿಳಿದಿದ್ದೆವು. ವೈದ್ಯನಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಆ ತಿಳಿವಳಿಕೆ ತಪ್ಪೆಂದು ತಿದ್ದಿದನು. ಅದು ಸವಕಳಿಯಲ್ಲ, ದೇಹವನ್ನು ಕಾಯಬೇಕಾದ ಕಾವಲುಗಾರರೇ ಕೀಲನ್ನು ಶತ್ರುವಿನ ಕೋಟೆಯೆಂದು ಭ್ರಮಿಸಿ ಮುತ್ತಿಗೆ ಹಾಕಿದ್ದಾರೆ ಎಂದು ಅವನು ವಿವರಿಸಿದನು.

ಈ ಮಾತು ನನ್ನನ್ನು ಬಹುಕಾಲ ಕಾಡಿತು. ನಾನು ವ್ಯಾಕರಣ, ಛಂದಸ್ಸುಗಳನ್ನು ಓದಿದವನೇ ಹೊರತು ವಿಜ್ಞಾನವನ್ನು ವ್ಯಾಸಂಗ ಮಾಡಿದವನಲ್ಲ. ಮಾಧವನಿದಾನದಲ್ಲಿ ಆಮವಾತವೆಂಬ ಕೀಲುಬೇನೆಯನ್ನು ಬೇರೆಯಾಗಿಯೇ ನಿರೂಪಿಸಿರುವುದನ್ನು ಬಲ್ಲೆ. ಆದರೆ ದೇಹದೊಳಗೆ ಕಾವಲುಗಾರರಿದ್ದಾರೆ ಎಂಬುದನ್ನು ಮೊದಲು ಕಣ್ಣಾರೆ ಕಂಡವನು ಯಾರೆಂಬುದು ತಿಳಿದಿರಲಿಲ್ಲ. ಹುಡುಕುತ್ತ ಹೋದಾಗ ದೊರೆತದ್ದು ಒಂದು ಅಪೂರ್ವವಾದ ಜೀವನ. ಆ ಮಹನೀಯನೇ ಇಲ್ಯಾ ಇಲಿಚ್ ಮೆಚ್ನಿಕೋಫ್. ನಮ್ಮ ಶಾಲೆಯ ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಆತನ ಚರಿತ್ರೆಯಿಂದ ಕಲಿಯತಕ್ಕದ್ದು ಬಹಳವಿದೆಯೆಂದು ಭಾವಿಸಿ ಅದನ್ನು ಸಂಗ್ರಹವಾಗಿ ಇಲ್ಲಿ ನಿರೂಪಿಸುತ್ತೇನೆ.

ಜನನ ಮತ್ತು ವಿದ್ಯಾಭ್ಯಾಸ

ಮೆಚ್ನಿಕೋಫನು 1845ನೆಯ ಇಸವಿ ಮೇ ತಿಂಗಳಿನಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಖಾರ್ಕೋವ್ ಸೀಮೆಯ ಒಂದು ಹಳ್ಳಿಯಲ್ಲಿ ಜನಿಸಿದನು. ಆ ಪ್ರದೇಶವು ಇಂದು ಯುಕ್ರೇನ್ ದೇಶಕ್ಕೆ ಸೇರಿದೆ. ತಂದೆ ಚಕ್ರವರ್ತಿಯ ಅಂಗರಕ್ಷಕ ಪಡೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಎಮಿಲಿಯಾ ಯೆಹೂದ್ಯ ಮೂಲದ ವಿದ್ಯಾವಂತ ಮನೆತನದವಳು. ಐದು ಮಂದಿ ಮಕ್ಕಳಲ್ಲಿ ಈತನೇ ಕಿರಿಯನು. ಇವನ ಅಣ್ಣಂದಿರಲ್ಲಿ ಒಬ್ಬನಾದ ಇವಾನನು ನ್ಯಾಯಾಂಗದಲ್ಲಿ ಅಧಿಕಾರಿಯಾಗಿದ್ದು 1881ರಲ್ಲಿ ತೀರಿಕೊಂಡನು. ಲಿಯೊ ಟಾಲ್‌ಸ್ಟಾಯ್ ಬರೆದ ಇವಾನ್ ಇಲಿಚನ ಮರಣದ ಕಥೆಗೆ ಆತನ ಅವಸಾನವೇ ಪ್ರೇರಣೆಯಾಯಿತು.

ಬಾಲ್ಯದಿಂದಲೇ ಇಲ್ಯಾನಿಗೆ ಗಿಡಮರ, ಹುಳುಹುಪ್ಪಟೆಗಳಲ್ಲಿ ಅಪಾರ ಆಸಕ್ತಿಯಿದ್ದಿತು. ಖಾರ್ಕೋವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷಗಳ ಪಾಠಕ್ರಮವನ್ನು ಎರಡೇ ವರ್ಷಗಳಲ್ಲಿ ಮುಗಿಸಿದನು. ಅನಂತರ ಜರ್ಮನಿಗೆ ತೆರಳಿ, 1865ರಲ್ಲಿ ಗೀಸೆನ್ ಎಂಬ ಊರಿನಲ್ಲಿ ಚಪ್ಪಟೆ ಹುಳುವೊಂದನ್ನು ಪರೀಕ್ಷಿಸುತ್ತಿರುವಾಗ ವಿಚಿತ್ರವೊಂದನ್ನು ಗಮನಿಸಿದನು. ಆ ಹುಳುವಿನ ಜೀವಕೋಶಗಳು ಆಹಾರದ ಕಣಗಳನ್ನು ತಮ್ಮೊಳಗೇ ಸೆಳೆದುಕೊಂಡು ಅಲ್ಲಿಯೇ ಜೀರ್ಣಿಸಿಕೊಳ್ಳುತ್ತಿದ್ದವು. ಆಗ ಅದಕ್ಕೆ ವಿಶೇಷ ಮಹತ್ತ್ವವಿರುವಂತೆ ಯಾರಿಗೂ ತೋರಲಿಲ್ಲ. ಆದರೆ ಆ ನೋಟವು ಆತನ ಮನಸ್ಸಿನಲ್ಲಿ ಬೀಜವಾಗಿ ಉಳಿಯಿತು. ಅದು ಮೊಳೆಯಲು ಹದಿನೇಳು ವರ್ಷಗಳು ಬೇಕಾದವು.

ಇಟಲಿಯ ನೇಪಲ್ಸ್ ನಗರದಲ್ಲಿ ಕೊವಲೆವ್‌ಸ್ಕಿಯೆಂಬ ಮಿತ್ರನೊಡನೆ ಕೂಡಿ ಕಡಲಪ್ರಾಣಿಗಳ ಬೆಳವಣಿಗೆಯನ್ನು ಅಭ್ಯಸಿಸಿ, ಇಬ್ಬರೂ 1867ರಲ್ಲಿ ಬೇರ್ ಪಾರಿತೋಷಕವನ್ನು ಹಂಚಿಕೊಂಡರು. 1870ರಲ್ಲಿ ಮೆಚ್ನಿಕೋಫನು ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ಆಗ ಆತನಿಗೆ ಇಪ್ಪತ್ತೈದು ವರ್ಷ.

ಸಂಸಾರದ ಸಂಕಟಗಳು

ವಿದ್ಯೆಯಲ್ಲಿ ಇಷ್ಟು ಬೇಗ ಮೇಲೇರಿದವನಿಗೆ ಬಾಳು ಸುಖವನ್ನು ಕೊಡಲಿಲ್ಲ. 1869ರಲ್ಲಿ ಆತನು ಲುದ್ಮಿಲಾ ಎಂಬ ಕನ್ಯೆಯನ್ನು ವರಿಸಿದ್ದನು. ಆಕೆ ಕ್ಷಯರೋಗದಿಂದ ಎಷ್ಟು ಬಳಲಿದ್ದಳೆಂದರೆ, ಮದುವೆಯ ದಿನ ಆಕೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಇಗರ್ಜಿಗೆ ಹೊತ್ತು ತರಬೇಕಾಯಿತು. ಪತ್ನಿಯ ಆರೋಗ್ಯಕ್ಕಾಗಿ ಆತನು ಊರೂರು ಅಲೆದನು, ಹೆಚ್ಚಿನ ದುಡಿಮೆಯಿಂದ ಕಣ್ಣು ಕೆಡಿಸಿಕೊಂಡನು. ಬೆಚ್ಚನೆಯ ಹವೆಯಿರುವ ಮದೀರಾ ದ್ವೀಪಕ್ಕೆ ಆಕೆಯನ್ನು ಸೇರಿಸಿದರೂ ಫಲವಾಗಲಿಲ್ಲ. 1873ರಲ್ಲಿ ಆಕೆ ಅಲ್ಲಿಯೇ ಅಸು ನೀಗಿದಳು. ಶೋಕವನ್ನು ತಾಳಲಾರದೆ ಮೆಚ್ನಿಕೋಫನು ತನ್ನ ಪ್ರಾಣವನ್ನೇ ತೊರೆಯಲು ಯತ್ನಿಸಿದನು, ದೈವವಶಾತ್ ಉಳಿದುಕೊಂಡನು. ಆ ದಿನಗಳಲ್ಲೊಂದು ರಾತ್ರಿ, ದೀಪದ ಸುತ್ತ ಹಾರಾಡುತ್ತಿದ್ದ ಅಲ್ಪಾಯುಷಿ ಕೀಟಗಳನ್ನು ಕಂಡು, ಇಷ್ಟು ಕ್ಷಣಿಕವಾದ ಜೀವಗಳ ವಿಕಾಸ ಹೇಗಾಯಿತೆಂಬ ಪ್ರಶ್ನೆ ಆತನ ಮನಸ್ಸಿನಲ್ಲಿ ಹುಟ್ಟಿತಂತೆ. ಜಿಜ್ಞಾಸೆಯೇ ಆತನನ್ನು ಮತ್ತೆ ಬದುಕಿಗೆ ಎಳೆದುತಂದಿತು.

1875ರಲ್ಲಿ ತನ್ನ ವಿದ್ಯಾರ್ಥಿನಿ ಓಲ್ಗಾಳನ್ನು ಮದುವೆಯಾದನು. ಈಕೆ ಕಡೆಯವರೆಗೂ ಆತನಿಗೆ ನೆರಳಾಗಿ ನಿಂತು, ಪ್ರಯೋಗಗಳಲ್ಲಿ ನೆರವಾಗಿ, ಆತನ ಮರಣಾನಂತರ ಜೀವನಚರಿತ್ರೆಯನ್ನೂ ಬರೆದಳು. ಇಂದು ನಮಗೆ ತಿಳಿದಿರುವ ವಿವರಗಳಲ್ಲಿ ಹೆಚ್ಚಿನವು ಆಕೆಯ ಲೇಖನಿಯ ಕೊಡುಗೆ. 1880ರಲ್ಲಿ ಓಲ್ಗಾಳಿಗೆ ವಿಷಮಶೀತಜ್ವರ ತಗುಲಿತು. ಇನ್ನೊಮ್ಮೆ ಪತ್ನಿವಿಯೋಗವಾದೀತೆಂಬ ಭೀತಿ, ವಿಶ್ವವಿದ್ಯಾಲಯದ ರಾಜಕೀಯ, ಸ್ವಂತ ಅನಾರೋಗ್ಯ ಇವೆಲ್ಲ ಸೇರಿ ಆತನನ್ನು ಮತ್ತೆ ಹತಾಶೆಗೆ ದೂಡಿದವು. ಮರುಕಳಿಸುವ ಜ್ವರದ ರೋಗಿಯೊಬ್ಬನ ರಕ್ತವನ್ನು ತನ್ನ ಮೈಗೆ ತಾನೇ ಚುಚ್ಚಿಕೊಂಡು, ಸಾವಿನ ಅಂಚಿಗೆ ಹೋಗಿ ಮರಳಿದನು. ಆಶ್ಚರ್ಯವೆಂದರೆ, ಆ ಜ್ವರದಿಂದ ಎದ್ದ ಮೇಲೆ ಆತನ ವಿಷಾದವೆಲ್ಲ ಕಳೆದು ಬಾಳಿನಲ್ಲಿ ಹೊಸ ಉತ್ಸಾಹ ಮೂಡಿತು.

ಮೆಸ್ಸೀನಾದ ಕಡಲ ತೀರದಲ್ಲಿ

1882ರಲ್ಲಿ ಮೆಚ್ನಿಕೋಫನು ಪ್ರಾಧ್ಯಾಪಕ ಪದವಿಗೆ ರಾಜೀನಾಮೆಯಿತ್ತನು. ಮಾತಾಪಿತೃಗಳನ್ನು ಕಳೆದುಕೊಂಡ ಓಲ್ಗಾಳ ತಮ್ಮತಂಗಿಯರನ್ನೂ ಕರೆದುಕೊಂಡು ಸಿಸಿಲಿ ದ್ವೀಪದ ಮೆಸ್ಸೀನಾ ಪಟ್ಟಣಕ್ಕೆ ಹೋಗಿ ನೆಲೆಸಿದನು. ಕೈಯಲ್ಲಿ ಉದ್ಯೋಗವಿಲ್ಲ, ಪ್ರಯೋಗಶಾಲೆಯಿಲ್ಲ; ಮನೆಯ ನಡುಕೋಣೆಯೇ ಆತನ ವಿದ್ಯಾಮಂದಿರವಾಯಿತು.

ಆ ವರ್ಷದ ಕೊನೆಯಲ್ಲಿ ಒಂದು ದಿನ ಮನೆಮಂದಿಯೆಲ್ಲ ಪಳಗಿಸಿದ ಕಪಿಗಳ ಆಟವನ್ನು ನೋಡಲು ಸರ್ಕಸ್ಸಿಗೆ ಹೋಗಿದ್ದರು. ಒಬ್ಬನೇ ಉಳಿದ ಮೆಚ್ನಿಕೋಫನು ಸೂಕ್ಷ್ಮದರ್ಶಕದ ಮುಂದೆ ಕುಳಿತು ನಕ್ಷತ್ರಮೀನಿನ ಡಿಂಭವನ್ನು ನೋಡುತ್ತಿದ್ದನು. ಅದು ನೀರಿನಂತೆ ಪಾರದರ್ಶಕ. ಅದರೊಳಗೆ ಕೆಲವು ಜೀವಕೋಶಗಳು ಅತ್ತಿತ್ತ ಸಂಚರಿಸುತ್ತಿದ್ದುದು ಕಾಣುತ್ತಿತ್ತು. ಇವು ಆಹಾರಕ್ಕಾಗಿ ಮಾತ್ರವಲ್ಲದೆ, ಹೊರಗಿನಿಂದ ನುಗ್ಗಿದ ಶತ್ರುವನ್ನು ಎದುರಿಸುವುದಕ್ಕೂ ಇರಬಹುದೆ ಎಂಬ ಯೋಚನೆ ಮಿಂಚಿನಂತೆ ಹೊಳೆಯಿತು. ಹಾಗಿದ್ದಲ್ಲಿ, ಡಿಂಭದ ಮೈಗೆ ಮುಳ್ಳೊಂದನ್ನು ಚುಚ್ಚಿದರೆ ಆ ಕೋಶಗಳು ಅದರ ಸುತ್ತ ನೆರೆಯಬೇಕಷ್ಟೆ. ನಮ್ಮ ಬೆರಳಿಗೆ ಮುಳ್ಳು ಮುರಿದರೆ ಕೀವು ಕಟ್ಟುವುದಿಲ್ಲವೆ? ಅಂಗಳದ ಕಿತ್ತಳೆ ಜಾತಿಯ ಗಿಡವೊಂದನ್ನು ಕೆಲವು ದಿನಗಳ ಹಿಂದೆ ಮಕ್ಕಳ ಕ್ರಿಸ್ಮಸ್ ಹಬ್ಬಕ್ಕೆಂದು ಅಲಂಕರಿಸಿದ್ದರು. ಅದೇ ಅಂಗಳದಿಂದ ಆತನು ಗುಲಾಬಿಯ ಮುಳ್ಳುಗಳನ್ನು ತಂದು ಡಿಂಭಗಳ ಮೈಗೆ ಚುಚ್ಚಿಟ್ಟನು. ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ ಮುಳ್ಳಿನ ಸುತ್ತ ಸಂಚಾರೀ ಕೋಶಗಳು ದಟ್ಟವಾಗಿ ಮುತ್ತಿಕೊಂಡಿದ್ದವು. ಹದಿನೇಳು ವರ್ಷಗಳ ಹಿಂದಿನ ಬೀಜ ಅಂದು ಮೊಳೆಯಿತು.

ಈ ಕೋಶಗಳಿಗೆ ವಿಯೆನ್ನಾದ ಕ್ಲಾಸ್ ಎಂಬ ವಿದ್ವಾಂಸನು ಗ್ರೀಕ್ ಭಾಷೆಯಿಂದ ಫ್ಯಾಗೊಸೈಟ್ ಎಂಬ ಹೆಸರನ್ನು ಸೂಚಿಸಿದನು. ಕನ್ನಡದಲ್ಲಿ ಭಕ್ಷಕಕೋಶ ಎನ್ನಬಹುದು. ಮರುವರ್ಷ ಒಡೆಸ್ಸಾದ ವಿದ್ವತ್ಸಭೆಯಲ್ಲಿ ಮೆಚ್ನಿಕೋಫನು ತನ್ನ ಸಿದ್ಧಾಂತವನ್ನು ಮಂಡಿಸಿದನು. ಆದರೆ ಮುಳ್ಳು ನಿರ್ಜೀವ ವಸ್ತು, ರೋಗಾಣು ಸಜೀವ. ಅದನ್ನೂ ಪರೀಕ್ಷಿಸಬೇಕಲ್ಲವೆ? ನೀರುಚಿಗಟವೆಂಬ ಕಿರುಪ್ರಾಣಿಗೆ ಒಂದು ಬಗೆಯ ಯೀಸ್ಟ್ ತಗುಲಿ ರೋಗವಾಗುತ್ತದೆ. ಭಕ್ಷಕಕೋಶಗಳು ಯೀಸ್ಟಿನ ಬೀಜಕಣಗಳನ್ನು ನುಂಗಿ ನಾಶಮಾಡಿದರೆ ಪ್ರಾಣಿಯು ಉಳಿಯುತ್ತಿತ್ತು, ಸೋತರೆ ಸಾಯುತ್ತಿತ್ತು. ಈ ಸಂಗ್ರಾಮವನ್ನು ಆತನು 1884ರಲ್ಲಿ ಪ್ರಕಟಿಸಿದನು. ಬಾವು, ಬಿಸಿ, ಕೆಂಪು, ನೋವುಗಳಿಂದ ಕೂಡಿದ ಉರಿಯೂತವನ್ನು ಅದುವರೆಗೆ ವೈದ್ಯರು ಬರಿಯ ಕೇಡೆಂದೇ ಎಣಿಸುತ್ತಿದ್ದರು. ಅದು ದೇಹದ ರಕ್ಷಣಾಕಾರ್ಯವೆಂಬುದು ಮೆಚ್ನಿಕೋಫನ ಹೊಸ ದರ್ಶನ.

ಆತನು ಭಕ್ಷಕಕೋಶಗಳಲ್ಲಿ ದೊಡ್ಡವು, ಸಣ್ಣವು ಎಂದು ಎರಡು ವರ್ಗಗಳನ್ನು ಗುರುತಿಸಿದನು. ದೊಡ್ಡವನ್ನು ಇಂದಿಗೂ ಆತನಿಟ್ಟ ಮ್ಯಾಕ್ರೊಫೇಜ್ ಎಂಬ ಹೆಸರಿನಿಂದಲೇ ಕರೆಯುತ್ತಾರೆ, ಮಹಾಭಕ್ಷಕಗಳೆನ್ನೋಣ. ಸಣ್ಣವುಗಳಲ್ಲಿ ಮುಖ್ಯವಾದವು ಇಂದು ನ್ಯೂಟ್ರೊಫಿಲ್ ಎನಿಸಿಕೊಳ್ಳುವ ಬಿಳಿಯ ರಕ್ತಕಣಗಳು.

ಪ್ಯಾರಿಸ್ಸಿನ ಆಶ್ರಯ ಮತ್ತು ಜರ್ಮನಿಯ ವಿರೋಧ

1886ರಲ್ಲಿ ಒಡೆಸ್ಸಾದಲ್ಲಿ ಸೂಕ್ಷ್ಮಜೀವಿಗಳ ಸಂಶೋಧನೆಗೂ ಹುಚ್ಚುನಾಯಿ ರೋಗದ ಲಸಿಕೆಗೂ ಒಂದು ಸಂಸ್ಥೆ ಸ್ಥಾಪಿತವಾಗಿ, ಮೆಚ್ನಿಕೋಫನು ಅದರ ನಿರ್ದೇಶಕನಾದನು. ಆತನು ವೈದ್ಯಪದವಿ ಪಡೆದವನಲ್ಲವೆಂದು ಸ್ಥಳೀಯ ವೈದ್ಯರು ಹಳಿದರು. ಆತನು ಊರಲ್ಲಿಲ್ಲದಾಗ ನೆರಡಿ ರೋಗದ ಲಸಿಕೆ ಹಾಕಿದ ಕುರಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು ಅಪಕೀರ್ತಿ ಬಂದಿತು. ಬರ್ಲಿನ್ನಿನಲ್ಲಿ ಕಾಖ್ ಮಹಾಶಯನು ಆತನನ್ನು ಉದಾಸೀನದಿಂದ ಕಂಡನು. ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ಚರನು ಪ್ರೀತಿಯಿಂದ ಬರಮಾಡಿಕೊಂಡು, ಹೊಸದಾಗಿ ಕಟ್ಟಿದ ತನ್ನ ಸಂಸ್ಥೆಯಲ್ಲಿ ಪ್ರಯೋಗಶಾಲೆಯನ್ನು ಕೊಟ್ಟನು. 1888ರ ನವೆಂಬರಿನಲ್ಲಿ ಆರಂಭವಾದ ಆ ಸಂಸ್ಥೆಯು ದೇಶವಿದೇಶಗಳ ಜನರು ನೀಡಿದ ವಂತಿಗೆಯಿಂದ ಎದ್ದ ಕಟ್ಟಡವೆಂಬುದನ್ನು ಇಲ್ಲಿ ಸ್ಮರಿಸಬೇಕು. ಅಂದು ಹಣ ಕೊಟ್ಟವರಿಗೆ ಮೆಚ್ನಿಕೋಫನೆಂಬ ಪರದೇಶಿಯು ಅಲ್ಲಿಗೆ ಬರುವನೆಂದಾಗಲಿ, ಆತನ ವಿದ್ಯೆ ಮುಂದೆ ಲೋಕಕ್ಕೆ ನೆರವಾಗುವುದೆಂದಾಗಲಿ ತಿಳಿದಿರಲಿಲ್ಲ. ದಾನದ ಫಲ ದಾನಿಯ ಎಣಿಕೆಯನ್ನು ಮೀರಿ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಆತನ ಬಾಳು ಒಂದು ವಾದರಂಗವಾಯಿತು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬವರು ರೋಗ ಗೆದ್ದ ಪ್ರಾಣಿಯ ರಕ್ತದ ತಿಳಿಯಲ್ಲಿಯೇ ಪ್ರತಿವಿಷವಿದೆಯೆಂದು ತೋರಿಸಿದರು. ರಕ್ಷಣೆಯು ರಕ್ತದ ದ್ರವದಲ್ಲಿದೆ, ಕೋಶಗಳು ಕೇವಲ ಕಸ ಗುಡಿಸುವ ಆಳುಗಳು ಎಂದು ಜರ್ಮನ್ ಪಂಡಿತರು ವಾದಿಸಿದರು. ಮೆಚ್ನಿಕೋಫನು ಒಂದೊಂದು ಆಕ್ಷೇಪಕ್ಕೂ ಪ್ರಯೋಗದಿಂದಲೇ ಉತ್ತರವಿತ್ತನು. 1892ರಲ್ಲಿ ಉರಿಯೂತದ ಕುರಿತ ಉಪನ್ಯಾಸಗಳನ್ನೂ 1901ರಲ್ಲಿ ರೋಗನಿರೋಧವನ್ನು ಕುರಿತ ಬೃಹದ್ಗ್ರಂಥವನ್ನೂ ಪ್ರಕಟಿಸಿದನು. 1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟ್ ಮತ್ತು ಡಗ್ಲಸ್ ಎಂಬವರು, ರಕ್ತದ ತಿಳಿಯಲ್ಲಿರುವ ವಸ್ತುಗಳು ರೋಗಾಣುವಿಗೆ ಲೇಪವಾಗಿ ಅಂಟಿಕೊಂಡು ಭಕ್ಷಕಕೋಶಕ್ಕೆ ಅದನ್ನು ಸುಲಭಗ್ರಾಹ್ಯವಾಗಿ ಮಾಡುತ್ತವೆಂದು ತೋರಿಸಿದಾಗ ಉಭಯಪಕ್ಷಗಳಿಗೂ ಸಮನ್ವಯದ ದಾರಿ ತೆರೆಯಿತು. 1908ರ ನೊಬೆಲ್ ಪಾರಿತೋಷಕವನ್ನು ಕೋಶವಾದಿಯಾದ ಮೆಚ್ನಿಕೋಫನಿಗೂ ದ್ರವವಾದಿಯಾದ ಪಾಲ್ ಎರ್ಲಿಕ್‌ನಿಗೂ ಜಂಟಿಯಾಗಿ ನೀಡಲಾಯಿತು.

ರಕ್ಷಕನೇ ಭಕ್ಷಕನಾದರೆ?

ಈ ಇಬ್ಬರ ಮತಭೇದದಲ್ಲಿಯೇ ನಮ್ಮ ಸಂಧಿವಾತದ ಪ್ರಶ್ನೆ ಅಡಗಿದೆ. ದೇಹವು ಪರಕೀಯವನ್ನು ದಂಡಿಸಬಲ್ಲದಾದರೆ ಸ್ವಕೀಯವನ್ನು ಏಕೆ ದಂಡಿಸುವುದಿಲ್ಲ? ದೇಹವು ತನ್ನ ಅಂಗಗಳ ಮೇಲೆ ತಾನೇ ಎರಗುವುದಕ್ಕೆ ಅಂಜಿ ಹಿಂಜರಿಯುತ್ತದೆ, ಅದನ್ನು ತಡೆಯುವ ಏರ್ಪಾಡು ಇರಲೇಬೇಕು ಎಂಬುದು ಎರ್ಲಿಕ್‌ನ ನಿರ್ಣಯ. ಇದನ್ನೇ ಪ್ರಮಾಣವಾಗಿ ಹಿಡಿದು, ಸ್ವದೇಹವೈರದ ರೋಗ ಸಂಭವಿಸದೆಂದು ಬಹುಮಂದಿ ವೈದ್ಯರು ಅರ್ಧ ಶತಮಾನದ ಕಾಲ ನಂಬಿದ್ದರು.

ಮೆಚ್ನಿಕೋಫನಿಗೆ ತನ್ನ ಭಕ್ಷಕಕೋಶಗಳ ಮೇಲೆ ಎಷ್ಟು ಮಮತೆಯಿದ್ದರೂ ಕುರುಡು ವಿಶ್ವಾಸವಿರಲಿಲ್ಲ. ಮುಪ್ಪಿನಲ್ಲಿ ಮಹಾಭಕ್ಷಕಗಳು ದೇಹದ ಸ್ವಂತ ಕೋಶಗಳನ್ನೇ ತಿನ್ನತೊಡಗುತ್ತವೆ, ಕೂದಲು ನರೆಯುವುದೂ ಮೆದುಳು ಕುಗ್ಗುವುದೂ ಅದರಿಂದಲೇ ಎಂದು ಆತನು ಬರೆದನು. ನರೆಗೂದಲಿನ ವಿವರಣೆ ಮುಂದೆ ನಿಲ್ಲಲಿಲ್ಲ. ಮುಪ್ಪಿಗೆ ಕರುಳಿನ ಕೊಳೆತವೇ ಕಾರಣವೆಂಬ ಊಹೆಯೂ ಅತಿಯಾಯಿತು. ಆದರೆ ರಕ್ಷಕಕೋಶವು ಸ್ವಂತ ದೇಹಕ್ಕೆ ಕೇಡು ಮಾಡಬಲ್ಲದು ಎಂಬ ಮೂಲಭಾವನೆ ಮಾತ್ರ ಸುಳ್ಳಾಗಲಿಲ್ಲ.

ಆರೋಗ್ಯವಂತರ ಕೀಲಿನ ಒಳಪೊರೆ ಒಂದೆರಡು ಕೋಶಗಳಷ್ಟೇ ದಪ್ಪವಾದ ತೆಳುವಾದ ಹಾಸು. ಅದರಲ್ಲಿ ಮಹಾಭಕ್ಷಕಗಳೂ ಸದಾ ಇದ್ದು, ಕೀಲಿನೊಳಗಿನ ಕಸವನ್ನು ತೆಗೆಯುತ್ತಿರುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಈ ಹಾಸು ಹಲವು ಪಟ್ಟು ದಪ್ಪವಾಗಿ ಬೆಳೆಯುತ್ತದೆ. ಲಿಂಫೊಸೈಟ್‌ಗಳೆಂಬ ಬಿಳಿಯ ಕಣಗಳು ಅಲ್ಲಿಗೆ ಬಂದು ನೆಲೆಸುತ್ತವೆ. ಅವುಗಳಲ್ಲಿ ಒಂದು ವರ್ಗವು ಸ್ವಂತ ದೇಹದ ಪದಾರ್ಥಗಳ ವಿರುದ್ಧವೇ ಪ್ರತಿಕಾಯಗಳು ಹುಟ್ಟಲು ಕಾರಣವಾಗುತ್ತದೆ. ಕೀಲು ಬಾಯುವುದಕ್ಕೆ ವರ್ಷಗಳ ಮೊದಲೇ ಇಂಥ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಇನ್ನೊಂದು ವರ್ಗವು ಮಹಾಭಕ್ಷಕಗಳನ್ನು ಕೆರಳಿಸುತ್ತದೆ. ಕೆರಳಿದ ಮಹಾಭಕ್ಷಕಗಳು ಟಿ.ಎನ್.ಎಫ್. ಮೊದಲಾದ ಸಂದೇಶದ್ರವ್ಯಗಳನ್ನು ಸುರಿಸುತ್ತವೆ. ಆ ಕರೆಗೆ ಓಗೊಟ್ಟು ನ್ಯೂಟ್ರೊಫಿಲ್‌ಗಳು ಕೀಲಿನ ರಸಕ್ಕೆ ಹರಿದುಬಂದು, ರೋಗಾಣುವನ್ನು ಕೊಲ್ಲಲೆಂದಿರುವ ಆಯುಧಗಳನ್ನು ಮೃದ್ವಸ್ಥಿಯ ಮೇಲೆ ಪ್ರಯೋಗಿಸುತ್ತವೆ. ಮಹಾಭಕ್ಷಕಗಳ ದಾಯಾದಿಗಳೆನ್ನಬಹುದಾದ ಬೇರೆ ಕೋಶಗಳು ಮೂಳೆಯನ್ನೇ ಕರಗಿಸುತ್ತವೆ. ನಕ್ಷತ್ರಮೀನಿನಲ್ಲಿ ಮುಳ್ಳಿನ ಸುತ್ತ ನೆರೆದ ಸೈನ್ಯ ಇದೇ. ಇಲ್ಲಿ ಮುಳ್ಳಿಲ್ಲ, ಸೈನ್ಯ ಮಾತ್ರ ಇದೆ. ಈ ಬೇನೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಧೂಮಪಾನವು ಅದರ ಅಪಾಯವನ್ನು ಹೆಚ್ಚಿಸುತ್ತದೆ.

ಚಿಕಿತ್ಸೆಯೂ ಇದೇ ತಿಳಿವಳಿಕೆಯ ಹಾದಿಯಲ್ಲಿ ನಡೆಯಿತು. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕಾರ್ಟಿಸೋನ್ ಕೊಟ್ಟು ಉರಿಯೂತವನ್ನು ತಗ್ಗಿಸಿದರು. ಅದರ ದುಷ್ಪರಿಣಾಮಗಳೂ ಬೇಗನೆ ತಿಳಿದವು. ಮೆಥೊಟ್ರೆಕ್ಸೇಟ್ ಎಂಬ ಔಷಧಿಯು ಅಲ್ಪ ಪ್ರಮಾಣದಲ್ಲಿ ಇಂದಿಗೂ ಮುಖ್ಯ ಆಧಾರವಾಗಿದೆ. 1992ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಎಂಬ ವೈದ್ಯವಿಜ್ಞಾನಿಗಳು ಟಿ.ಎನ್.ಎಫ್. ಅನ್ನು ತಡೆಗಟ್ಟುವ ಪ್ರತಿಕಾಯವನ್ನು ರೋಗಿಗಳಿಗೆ ಕೊಟ್ಟು ಗುಣವನ್ನು ಕಂಡರು.

ಆದರೆ ಈ ಮದ್ದಿನಿಂದ ಇನ್ನೊಂದು ಪಾಠವೂ ದೊರೆಯಿತು. ದೇಹದಲ್ಲಿ ಅಡಗಿ ಮಲಗಿರುವ ಕ್ಷಯದ ರೋಗಾಣುಗಳನ್ನು ಸುತ್ತುವರಿದು ಸೆರೆಯಲ್ಲಿಡುವವು ಮಹಾಭಕ್ಷಕಗಳೇ, ಅದಕ್ಕೂ ಟಿ.ಎನ್.ಎಫ್. ಬೇಕು. ಅದನ್ನು ತಡೆದರೆ ಕೀಲು ಸುಧಾರಿಸಬಹುದು, ಮಲಗಿದ್ದ ಕ್ಷಯವು ಏಳಲೂಬಹುದು. ಆದುದರಿಂದ ಈ ಔಷಧಿಯನ್ನು ಆರಂಭಿಸುವ ಮುನ್ನ ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಮೆಚ್ನಿಕೋಫನ ಮೊದಲ ಪತ್ನಿಯನ್ನು ಕೊಂಡೊಯ್ದ ವ್ಯಾಧಿಯನ್ನು ತಡೆಯುವ ಕೋಶವೂ ನನ್ನ ಸಹೋದ್ಯೋಗಿಯ ಬೆರಳನ್ನು ಬಾಗಿಸಿದ ಕೋಶವೂ ಒಂದೇ ಕುಲದವು. 2019ರಲ್ಲಿ ಇಲಿಗಳಲ್ಲಿ ನಡೆಸಿದ ಅಧ್ಯಯನದಿಂದ, ಕೀಲಿನ ಒಳಪೊರೆಯ ಕೆಲವು ಮಹಾಭಕ್ಷಕಗಳು ಒತ್ತಾಗಿ ಸೇರಿ ಬೇಲಿಯಂತೆ ನಿಂತು ಕೀಲನ್ನು ಉರಿಯೂತದಿಂದ ಕಾಯುತ್ತವೆಂದೂ ತಿಳಿದುಬಂದಿದೆ. ಕಾವಲುಗಾರನನ್ನು ಕೊಂದುಬಿಡುವುದು ಪರಿಹಾರವಲ್ಲ. ಅವನ ಭ್ರಮೆಯನ್ನು ಕಳೆಯುವುದೇ ಪರಿಹಾರ. ಇಂದಿನ ಸಂಶೋಧಕರು ಆ ದಾರಿಯನ್ನೇ ಹುಡುಕುತ್ತಿದ್ದಾರೆ.

ಕಡೆಯ ದಿನಗಳು

ವೃದ್ಧಾಪ್ಯದಲ್ಲಿ ಮೆಚ್ನಿಕೋಫನ ಮನಸ್ಸು ದೀರ್ಘಾಯುಸ್ಸಿನ ವಿಚಾರಕ್ಕೆ ತಿರುಗಿತು. ಮುಪ್ಪಿನ ಅಧ್ಯಯನಕ್ಕೆ ಜೆರೊಂಟಾಲಜಿ ಎಂಬ ಹೆಸರನ್ನಿತ್ತವನು ಆತನೇ. ಬಲ್ಗೇರಿಯದ ರೈತರು ದೀರ್ಘಕಾಲ ಬಾಳುವುದಕ್ಕೆ ಹುಳಿಹಾಲು ಕಾರಣವೆಂದು ಭಾವಿಸಿ, ತಾನೂ ಅದನ್ನು ನಿತ್ಯ ಸೇವಿಸುತ್ತಿದ್ದನು. ಮೊಸರು ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮಗೆ ಇದು ಹೊಸತಲ್ಲವಾದರೂ, ಯುರೋಪಿನ ನಗರಗಳಲ್ಲಿ ಮೊಸರಿಗೆ ಮರ್ಯಾದೆ ಬಂದುದು ಬಹುಮಟ್ಟಿಗೆ ಆತನಿಂದ. 1909ರಲ್ಲಿ ಯಾಸ್ನಾಯಾ ಪೊಲ್ಯಾನಾಕ್ಕೆ ಹೋಗಿ ಟಾಲ್‌ಸ್ಟಾಯಿಯನ್ನು ಸಂದರ್ಶಿಸಿದನು. ತನ್ನ ಅಣ್ಣನ ಮರಣವನ್ನು ಕಥೆಯಾಗಿಸಿದ ಮಹರ್ಷಿಯೂ ಮರಣವನ್ನು ಮುಂದೂಡಲು ಹೊರಟ ವಿಜ್ಞಾನಿಯೂ ಒಂದು ಹಗಲು ಜೊತೆಗಿದ್ದರು.

1914ರಲ್ಲಿ ಮಹಾಯುದ್ಧ ಸಿಡಿಯಿತು. ಪ್ರಯೋಗಶಾಲೆಯ ತರುಣರು ರಣರಂಗಕ್ಕೆ ಹೋದರು, ಸಂಶೋಧನೆ ನಿಂತಿತು. ವಿದ್ಯೆಯೇ ಮನುಷ್ಯರನ್ನು ಒಂದುಗೂಡಿಸುವುದೆಂದು ನಂಬಿದ್ದ ಆತನಿಗೆ ಇದು ದೊಡ್ಡ ಆಘಾತ. ಹೃದಯದ ಬೇನೆಯಿಂದ ನರಳಿ, 1916ರ ಜುಲೈನಲ್ಲಿ ತನ್ನ 71ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ನಿಧನನಾದನು. ಆತನ ಚಿತಾಭಸ್ಮವನ್ನು ಪಾಸ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿಯೇ ಇರಿಸಲಾಗಿದೆ. ಪುಸ್ತಕಗಳ ನಡುವೆ ಚಿರನಿದ್ರೆ! ವಿದ್ಯಾವಂತನಿಗೆ ಇದಕ್ಕಿಂತ ಮಿಗಿಲಾದ ಸಮಾಧಿ ಯಾವುದಿದ್ದೀತು?

ಎರಡು ಬಾರಿ ಬದುಕನ್ನೇ ಬೇಡವೆಂದವನು ಮೂರನೆಯ ಬಾರಿ ಬದುಕಿನ ಕಾವಲುಗಾರರನ್ನು ಕಂಡುಹಿಡಿದನು. ಆ ಕಾಣ್ಕೆಗೆ ಬೇಕಾದ ಉಪಕರಣಗಳು ಒಂದು ಸೂಕ್ಷ್ಮದರ್ಶಕ, ಅಂಗಳದ ನಾಲ್ಕು ಮುಳ್ಳು ಮತ್ತು ಬೆಳಗಾಗುವವರೆಗೆ ಕಾಯುವ ತಾಳ್ಮೆ. ನಮ್ಮ ಪಾಠಶಾಲೆಯ ಹುಡುಗರಲ್ಲಿಯೂ ಮುಳ್ಳನ್ನು ಕಂಡು ಪ್ರಶ್ನೆ ಕೇಳುವವರು ಇದ್ದೇ ಇರುತ್ತಾರೆ. ಅಂಥವರನ್ನು ಗುರುತಿಸಿ, ಅವರಿಗೆ ಸೂಕ್ಷ್ಮದರ್ಶಕವನ್ನೂ ಅವಕಾಶವನ್ನೂ ಒದಗಿಸುವುದು ಗುರುಗಳ ಮತ್ತು ದಾನಿಗಳ ಹೊಣೆ. ಸೀಮೆಸುಣ್ಣ ಹಿಡಿಯಲಾರದ ಕೈಗಳಿಗೆ ಮುಂದೊಂದು ದಿನ ಪೂರ್ಣ ಸ್ವಾಸ್ಥ್ಯ ದೊರೆಯುವುದಾದರೆ, ಅದು ಅಂಥ ಒಬ್ಬ ವಿದ್ಯಾರ್ಥಿಯಿಂದಲೇ ಬರತಕ್ಕದ್ದು.